ಬ್ಯಾಂಕಾಕ್‌ನಲ್ಲಿ ಹೊಳೆ ಬದಿಯ ಹೋಟೆಲ್ ಬೇಕು, ಅತ್ತೆಯೂ ಜೊತೆಗೆ ಬರುತ್ತಾರೆ. ಯಾರಾದರೂ ಉಳಿದವರಿದ್ದೀರಾ?

ಅಮ್ಮತ್ತಿ ತೋಟದಮನೆ

ಎಲ್ಲರಿಗೂ ನಮಸ್ಕಾರ. ಈ ಸಲ ರೊಬಸ್ಟಾ ಕೊಯ್ಲು ಬೇಗ ಮುಗಿಯುವ ಹಾಗಿದೆ. ಮಾರ್ಚ್ ಮೊದಲ ವಾರ ಬ್ಯಾಂಕಾಕ್‌ಗೆ ನಾಲ್ಕು ರಾತ್ರಿ ಹೋಗಿ ಬರೋಣ ಅಂತ ಬೆಂಗಳೂರಿನಿಂದ ಟಿಕೆಟ್ ಮಾಡಿಬಿಟ್ಟಿದ್ದೇವೆ. ನಾನು, ಯಜಮಾನರು, ಅತ್ತೆ. ಅತ್ತೆಗೆ 68 ವರ್ಷ, ಮಂಡಿ ನೋವಿದೆ. ಆದರೆ ನೀವು ಮನೆಯಲ್ಲಿರಿ ಅಂದರೆ ಕೇಳುವ ಜನ ಅಲ್ಲ.

ತಲೆಬಿಸಿ ಇರುವುದು ಹೋಟೆಲಿನದು. ಚಾವ್ ಪ್ರಯಾ ಹೊಳೆಯ ದಂಡೆಯಲ್ಲೇ ಉಳಿಯಬೇಕು ಅಂತ ನನಗೆ ಆಸೆ. ನೋಡಲು ಚೆಂದ ಇರಬೇಕು, ಕಿಟಕಿಯಿಂದ ನೀರು ಕಾಣಬೇಕು, ಈಜುಕೊಳ ಇದ್ದರೆ ಸಂತೋಷ. ಬಜೆಟ್ ಒಂದು ರಾತ್ರಿಗೆ ಏಳೆಂಟು ಸಾವಿರ ರೂಪಾಯಿ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲದರ ಹೆಸರಲ್ಲೂ 'ರಿವರ್‌ಸೈಡ್' ಇದೆ, ಎಲ್ಲದರಲ್ಲೂ ಅದೇ ಸೂರ್ಯಾಸ್ತದ ಫೋಟೋ. ಇಷ್ಟು ದುಡ್ಡಿಗೆ ನಿಜವಾಗಿ ಒಳ್ಳೆಯದು ಸಿಗುತ್ತದಾ, ಅಥವಾ ಫೋಟೋ ನೋಡಿ ಮೋಸ ಹೋಗುತ್ತೇವಾ?

ಕೊಪ್ಪ ಗೇಟ್

ಅಕ್ಕ, ಹೊಳೆ ನೋಡಲು ಬ್ಯಾಂಕಾಕ್ ಯಾಕೆ? ಕುಶಾಲನಗರಕ್ಕೆ ಬನ್ನಿ. ನಮ್ಮ ಏರಿಯಾದಲ್ಲಿ 2018, 2019ರಲ್ಲಿ ಕಾವೇರಿ ಮನೆಯೊಳಗೇ ಬಂದಿದ್ದಳು, ಬಾಲ್ಕನಿ ಚಾರ್ಜ್ ಕೂಡ ಇರಲಿಲ್ಲ 😀

ತಮಾಷೆಗೆ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ. ನನಗೂ ಉತ್ತರ ಬೇಕು, ಫಾಲೋ ಮಾಡುತ್ತಿದ್ದೇನೆ.

ಮಂಜಿನೂರು

ನಾವು ಎರಡು ಸಲ ಹೋಗಿದ್ದೇವೆ. ಒಂದು ಸಲ ಮೋಸ ಹೋದೆವು, ಒಂದು ಸಲ ಬಹಳ ಚೆನ್ನಾಗಿತ್ತು. ಅದಕ್ಕೇ ಉದ್ದ ಬರೆಯುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲ ಸಲದ ಹೋಟೆಲಿನ ಹೆಸರು ಬೇಡ. ಹೆಸರಲ್ಲಿ ರಿವರ್‌ಸೈಡ್ ಇತ್ತು, ಲಾಬಿಯಲ್ಲಿ ನಿಂತರೆ ಹೊಳೆ ಕಾಣುತ್ತಲೂ ಇತ್ತು. ನಮ್ಮ ರೂಮಿನ ಪರದೆ ಸರಿಸಿದರೆ ಕಂಡದ್ದು ಪಕ್ಕದ ಕಟ್ಟಡದ ಕಾರ್ ಪಾರ್ಕಿಂಗ್. ಕೆಳಗೆ ಹೋಗಿ ಕೇಳಿದರೆ ನಗುತ್ತಲೇ ಹೇಳಿದರು, ನೀವು ಬುಕ್ ಮಾಡಿದ್ದು ಸಿಟಿ ವ್ಯೂ ಅಂತ. ನಾನು ಓದದೇ ಇದ್ದದ್ದು ನನ್ನ ತಪ್ಪೇ. ಹೋಟೆಲ್ ಹೊಳೆ ಬದಿಯಲ್ಲಿದ್ದರೆ ರೂಮಿಗೂ ಹೊಳೆ ಕಾಣಬೇಕು ಅಂತ ಇಲ್ಲ. ರೂಮಿನ ಹೆಸರಲ್ಲೇ 'ರಿವರ್ ವ್ಯೂ' ಅಂತ ಇರಬೇಕು. 'ಪಾರ್ಷಿಯಲ್ ರಿವರ್ ವ್ಯೂ' ಅಂದರೆ ಕತ್ತು ಹೊರಗೆ ಹಾಕಿ ನೋಡುವುದು, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಅದಕ್ಕಿಂತ ದೊಡ್ಡ ಪಾಠ ದೋಣಿಯದು. ಬ್ಯಾಂಕಾಕ್‌ನಲ್ಲಿ ಹೊಳೆ ಸುಮ್ನೆ ನೋಡುವುದಕ್ಕಲ್ಲ, ಅದು ಊರಿನ ರಸ್ತೆ. ಸಾಥೋರ್ನ್ ಅಂತ ಒಂದು ದೊಡ್ಡ ದೋಣಿ ಕಟ್ಟೆ ಇದೆ. ಅದರ ತಲೆ ಮೇಲೇ ಸಫಾನ್ ಟಕ್ಸಿನ್ ಅನ್ನುವ ಬಿಟಿಎಸ್ ರೈಲು ಸ್ಟೇಷನ್. ಒಳ್ಳೆಯ ಹೋಟೆಲುಗಳೆಲ್ಲ ತಮ್ಮದೇ ದೋಣಿ ಇಟ್ಟುಕೊಂಡು ಅತಿಥಿಗಳನ್ನು ಅಲ್ಲಿಗೆ ಪುಕ್ಕಟೆ ಬಿಡುತ್ತವೆ. ಆದರೆ ಎಷ್ಟು ನಿಮಿಷಕ್ಕೊಂದು, ಕೊನೆಯದು ಎಷ್ಟು ಗಂಟೆಗೆ, ಅದನ್ನು ಬುಕ್ ಮಾಡುವ ಮುಂಚೆ ಮೇಲ್ ಹಾಕಿ ಕೇಳಿ. ನಮಗೆ ಒಂದು ಸಂಜೆ ಇಡೀ ದಿನ ಸುತ್ತಿ ಕಾಲು ಬಿದ್ದುಹೋಗಿತ್ತು, ಕಟ್ಟೆಯಲ್ಲಿ ದೊಡ್ಡ ಕ್ಯೂ, ದೋಣಿ ತುಂಬಿತು ಅಂತ ನಮ್ಮ ಮುಂದೆಯೇ ಹಗ್ಗ ಬಿಚ್ಚಿದರು, ಮುಂದಿನದಕ್ಕೆ ಅರ್ಧ ಗಂಟೆ, ಅಷ್ಟರಲ್ಲಿ ಮಳೆ. ಟ್ಯಾಕ್ಸಿ ಹಿಡಿದರೆ ಚರೋನ್ ಕ್ರುಂಗ್ ರಸ್ತೆಯ ಸಂಜೆ ಟ್ರಾಫಿಕ್. ನಡೆದಿದ್ದರೆ ಬೇಗ ಮುಟ್ಟುತ್ತಿದ್ದೆವು.

ಎರಡನೇ ಸಲ ಚತ್ರಿಯಮ್ ರಿವರ್‌ಸೈಡ್‌ನಲ್ಲಿ ಉಳಿದೆವು. ದೊಡ್ಡ ರೂಮು, ಬಾಲ್ಕನಿ, ಉದ್ದದ ಈಜುಕೊಳ, ಹೋಟೆಲಿನದೇ ಕಟ್ಟೆ, ಸಾಥೋರ್ನ್‌ಗೆ ದೋಣಿ. ಬೇರೆ ದೊಡ್ಡ ಊರುಗಳಲ್ಲಿ ಈ ದುಡ್ಡಿಗೆ ಇಂಥದ್ದು ಸಿಗುವುದಿಲ್ಲ. ಆಚೆ ದಡದಲ್ಲಿ ಅವಾನಿ ರಿವರ್‌ಸೈಡ್ ಇದೆ, ಅದರ ಈಜುಕೊಳ ಕಟ್ಟಡದ ನೆತ್ತಿ ಮೇಲೆ. ಅದು ಸ್ವಲ್ಪ ದುಬಾರಿ. ಇನ್ನೂ ಕಡಿಮೆಗೆ ಬೇಕಾದರೆ ಇಬಿಸ್ ರಿವರ್‌ಸೈಡ್. ರೂಮು ಚಿಕ್ಕದು, ಆದರೆ ಈಜುಕೊಳ ಹೊಳೆ ಪಕ್ಕದಲ್ಲೇ ಇದೆ. ಮೂರು ಜನಕ್ಕೆ ಒಂದೇ ರೂಮು ಅಂದರೆ ಅಲ್ಲಿ ಕಷ್ಟ.

ಇನ್ನೊಂದು ಮಾತು. ರೇಟಿನ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಕಂಡರೆ ಎಚ್ಚರ. ಶೇ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ 7 ತೆರಿಗೆ, ಎರಡೂ ಸೇರಿದರೆ ಶೇ 17.7. ಏಳು ಸಾವಿರದ ರೂಮು ಎಂಟು ಸಾವಿರದ ಇನ್ನೂರು ದಾಟುತ್ತದೆ.

ಪೇಟೆ ಹುಡುಗ ವಿರಾಜಪೇಟೆ

ನಾನು ಉಲ್ಟಾ ಹೇಳುತ್ತೇನೆ, ಬೈಯಬೇಡಿ. ನಾಲ್ಕೇ ರಾತ್ರಿಗೆ ಹೊಳೆ ಬದಿ ವೇಸ್ಟ್. ಸಿಯಾಮ್, ರಾಚ್‌ಥೇವಿ ಕಡೆ ಬಿಟಿಎಸ್ ಪಕ್ಕದಲ್ಲಿ ಅರ್ಧ ರೇಟಿಗೆ ಒಳ್ಳೆಯ ರೂಮು ಸಿಗುತ್ತದೆ. ಹೊಳೆ ನೋಡಬೇಕಾ? ಸಾಥೋರ್ನ್‌ಗೆ ರೈಲಲ್ಲಿ ಹೋಗಿ ಕಿತ್ತಳೆ ಬಾವುಟದ ದೋಣಿ ಹತ್ತಿ. 16 ಬಾತ್, ಎಲ್ಲಿಗೆ ಹೋದರೂ ಒಂದೇ ರೇಟು. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಮೇಲೆ ಲೆಕ್ಕ ಹಾಕಿಕೊಳ್ಳಿ. ಕಂಡಕ್ಟರ್ ಅಕ್ಕ ಉದ್ದನೆಯ ತಗಡಿನ ಕೊಳವೆ ಹಿಡಿದು ಅದರ ಮುಚ್ಚಳವನ್ನು ಟಕಟಕ ಬಡಿಯುತ್ತಾ ಬರುತ್ತಾಳೆ, ಚಿಲ್ಲರೆಯೂ ಅದರೊಳಗೆ, ಟಿಕೆಟ್ಟೂ ಅದರೊಳಗೆ. ದೋಣಿ ಹಿಂದೆ ಒಬ್ಬ ನಿಂತು ಶಿಳ್ಳೆ ಹಾಕುತ್ತಾನೆ, ಆ ಶಿಳ್ಳೆ ಕೇಳಿಯೇ ಡ್ರೈವರ್ ಕಟ್ಟೆಗೆ ತಾಗಿಸುವುದು. ನನಗಂತೂ ಹೋಟೆಲಿಗಿಂತ ಅದೇ ಇಷ್ಟವಾಯಿತು.

ಥಾ ಟಿಯೆನ್‌ನಲ್ಲಿ ಇಳಿದರೆ ವಾಟ್ ಫೋ, 46 ಮೀಟರ್ ಉದ್ದದ ಮಲಗಿದ ಬುದ್ಧ. ಅಲ್ಲಿಂದ ಆಚೆ ದಡಕ್ಕೆ ಸಣ್ಣ ದೋಣಿಯಲ್ಲಿ ದಾಟಿದರೆ ವಾಟ್ ಅರುಣ್. ಅರಮನೆಗೆ ಥಾ ಚಾಂಗ್, ಟಿಕೆಟ್ 500 ಬಾತ್, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ.

ಅಮ್ಮತ್ತಿ ತೋಟದಮನೆ

ಮಂಜಿನೂರು ಅವರೇ, ಇಷ್ಟು ವಿವರಕ್ಕೆ ತುಂಬಾ ಥ್ಯಾಂಕ್ಸ್. ವಿರಾಜಪೇಟೆಯವರೇ, ನಿಮ್ಮ ಮಾತೂ ಸರಿ. ಆದರೆ ನಮ್ಮ ಕೇಸೇ ಬೇರೆ. ಅತ್ತೆ ದಿನಾ ನಮ್ಮ ಜೊತೆ ಸುತ್ತಲು ಆಗುವುದಿಲ್ಲ. ಒಂದು ದಿನ ಸುತ್ತಿದರೆ ಒಂದು ದಿನ ರೂಮಲ್ಲೇ ಇರುತ್ತಾರೆ. ಆ ದಿನ ಅವರಿಗೆ ಗೋಡೆ ನೋಡುತ್ತಾ ಕೂರುವ ಹಾಗಾಗಬಾರದು ಅಂತಲೇ ಹೊಳೆ ಬೇಕು ಅಂದದ್ದು. ಮೊದಲೇ ಹೇಳಬೇಕಿತ್ತು.

ದೋಣಿ ಹತ್ತುವುದು ಅವರಿಗೆ ಆಗುತ್ತದಾ? ಮೆಟ್ಟಿಲು ಜಾಸ್ತಿನಾ?

ಮಂಜಿನೂರು

ಹಾಗಾದರೆ ಬಾಲ್ಕನಿ ಇರುವುದನ್ನೇ ಮಾಡಿ, ಯೋಚನೆಯೇ ಬೇಡ.

ಮೆಟ್ಟಿಲಿಗಿಂತ ತೊಂದರೆ ದೋಣಿಗೂ ಕಟ್ಟೆಗೂ ನಡುವಿನ ಸಂದು. ಕಟ್ಟೆಯೂ ನೀರಿನ ಮೇಲೆ ತೇಲುತ್ತಿರುತ್ತದೆ, ದೋಣಿಯೂ ಅಲ್ಲಾಡುತ್ತಿರುತ್ತದೆ. ಹೋಟೆಲ್ ದೋಣಿಯಲ್ಲಿ ಕೈ ಹಿಡಿದು ಹತ್ತಿಸುತ್ತಾರೆ, ನಿಧಾನ. ಕಿತ್ತಳೆ ಬಾವುಟದ್ದು ಹಾಗಲ್ಲ. ಹಗ್ಗ ಸುತ್ತಿ, ಜನ ಇಳಿದು, ಹತ್ತಿ, ಮತ್ತೆ ಹೊರಡುವುದು ಎಲ್ಲ ಕ್ಷಣದಲ್ಲಿ. ನಮ್ಮ ಪ್ರೈವೇಟ್ ಬಸ್ಸಿನವರು 'ಹತ್ತಿ ಹತ್ತಿ ರೈಟ್' ಅನ್ನುವ ಹಾಗೆ. ಅತ್ತೆಯವರನ್ನು ಹೋಟೆಲ್ ದೋಣಿಯಲ್ಲಿ ಕರೆದುಕೊಂಡು ಹೋಗಿ, ಮುಂದಕ್ಕೆ ಗ್ರ್ಯಾಬ್ ಟ್ಯಾಕ್ಸಿ ಮಾಡಿ.

ಅಂದಹಾಗೆ ಬೆಂಗಳೂರಿನಿಂದ ರಾತ್ರಿ ವಿಮಾನವಾ? ಹಾಗಿದ್ದರೆ ನಸುಕಿನಲ್ಲೇ ಇಳಿಯುತ್ತೀರಿ, ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ರೂಮು ಕೊಡುವುದು ಮಧ್ಯಾಹ್ನ ಎರಡು ಮೂರಕ್ಕೆ. ಮಂಡಿ ನೋವಿನವರನ್ನು ಲಾಬಿ ಸೋಫಾದಲ್ಲಿ ಏಳೆಂಟು ಗಂಟೆ ಕೂರಿಸಬೇಡಿ, ಬೇಗ ರೂಮು ಕೊಡಲು ಆಗುತ್ತದಾ ಅಂತ ಮೊದಲೇ ಬರೆದು ಕೇಳಿ. ನಾವು ಕೇಳಿದ್ದಕ್ಕೆ ಹತ್ತು ಗಂಟೆಗೇ ಕೊಟ್ಟರು.

ಗೋಣಿಕೊಪ್ಪದ ಕಾವೇರಮ್ಮ

ಊಟದ ವಿಷಯ ಯಾರೂ ಬರೆದಿಲ್ಲ, ಗಂಡಸರಿಗೆ ದೋಣಿ ಸಾಕು ಅಂತ ಕಾಣುತ್ತದೆ.

ನಿಮ್ಮ ಮನೆಯಲ್ಲಿ ಪಂದಿ ತಿನ್ನುತ್ತೀರಾದರೆ ಚಿಂತೆಯೇ ಇಲ್ಲ. ಬೆಳಿಗ್ಗೆ ಬೀದಿಯಲ್ಲಿ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುತ್ತಿರುತ್ತಾರೆ, ಮೂ ಪಿಂಗ್ ಅನ್ನುತ್ತಾರೆ, ಜೊತೆಗೆ ಅಂಟು ಅನ್ನ ಒಂದು ಪೊಟ್ಟಣ. ಹುಳಿಗೆ ನಮ್ಮ ಕಾಚಂಪುಳಿ ಇಲ್ಲ ಅನ್ನುವುದೊಂದೇ ಕೊರತೆ. ಖನೋಮ್ ಚೀನ್ ಅಂತ ಅಕ್ಕಿ ಶಾವಿಗೆ ಸಿಗುತ್ತದೆ, ಕಣ್ಣು ಮುಚ್ಚಿ ತಿಂದರೆ ನೂಪುಟ್ಟೇ. ನನ್ನ ಅಕ್ಕ ಅದಕ್ಕೆ ಕೋಳಿ ಸಾರು ಹುಡುಕಿದಳು! ಅತ್ತೆ ಸಸ್ಯಾಹಾರಿಯಾದರೆ 'ಜೇ' ಅಂತ ಹೇಳಿ. ಹಳದಿ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಅದೇ ಬರೆದಿರುತ್ತದೆ. ಬರೀ 'ವೆಜ್' ಅಂದರೆ ತರಕಾರಿಗೂ ಮೀನಿನ ಸಾಸ್ ಹಾಕಿಬಿಡುತ್ತಾರೆ.

ಕಾಫಿ ಪುಡಿ, ಸಣ್ಣ ಫಿಲ್ಟರ್ ಬ್ಯಾಗಿಗೆ ಹಾಕಿ. ರೂಮಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ, ಹಾಲು ಸೆವೆನ್ ಇಲೆವೆನ್‌ನಲ್ಲಿ. ತೋಟದವರು ಅಲ್ಲಿ ಹೋಗಿ ಸ್ಯಾಶೆ ಕಾಫಿ ಕುಡಿದರೆ ಮರ್ಯಾದೆಯಾ? ಮತ್ತೆ ದುರಿಯನ್ ಹಣ್ಣು ತಂದು ರೂಮಲ್ಲಿ ಇಡಬೇಡಿ. ಹಲಸಿನ ಹಾಗೇ ಕಾಣುತ್ತದೆ, ವಾಸನೆ ಮಾತ್ರ ಹತ್ತು ಪಾಲು. ಹೋಟೆಲುಗಳಲ್ಲಿ ಅದಕ್ಕೆ ದಂಡ ಹಾಕುತ್ತಾರೆ, ಲಿಫ್ಟ್ ಪಕ್ಕದಲ್ಲೇ ಅದರ ಚಿತ್ರಕ್ಕೆ ಕೆಂಪು ಗೆರೆ ಎಳೆದ ಬೋರ್ಡು ಇರುತ್ತದೆ.

ಮುಂದಿನ ಸಲ ಹೋಗುವವರು ಏಪ್ರಿಲ್ 13ರಿಂದ 15ರವರೆಗೆ ಬೇಡ. ನಮಗೆ ಇಲ್ಲಿ ಬಿಸು, ಎಡಮ್ಯಾರ್ ಬರುವ ಹೊತ್ತಿಗೇ ಅವರಿಗೆ ಸೋಂಗ್‌ಕ್ರಾನ್, ಹೊಸ ವರ್ಷ. ಬೀದಿಗೆ ಕಾಲಿಟ್ಟರೆ ಬಕೆಟ್ ನೀರು ತಲೆ ಮೇಲೆ. ಹುಡುಗರಿಗೆ ಖುಷಿ, ಅತ್ತೆಯಂದಿರಿಗೆ ಅಲ್ಲ.

ಪೇಟೆ ಹುಡುಗ ವಿರಾಜಪೇಟೆ

ಅತ್ತೆ ಜೊತೆಗಿದ್ದಾರೆ, ಒಂದು ದಿನ ರೂಮಲ್ಲೇ ಇರುತ್ತಾರೆ ಅಂದರೆ ನನ್ನ ಮಾತು ವಾಪಸ್. ಹೊಳೆ ಬದಿಯೇ ಮಾಡಿ.

ಟಿಡಿಎಸಿ ಅನ್ನುವ ಡಿಜಿಟಲ್ ಅರೈವಲ್ ಕಾರ್ಡ್ ಮರೆಯಬೇಡಿ. 2025ರ ಮೇ 1ರಿಂದ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ, ತಕ್ಷಣ ಮುಚ್ಚಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಒಂದು ಸಲ ನೋಡಿಕೊಳ್ಳಿ. ಹೋಟೆಲಿನಲ್ಲಿ ಡಿಪಾಸಿಟ್ ಅಂತ ಕಾರ್ಡಿನಲ್ಲಿ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಳ್ಳುತ್ತಾರೆ. ಗಾಬರಿ ಬೇಡ, ಆಮೇಲೆ ಬಿಡುತ್ತಾರೆ.

ಅಮ್ಮತ್ತಿ ತೋಟದಮನೆ

ಹೋಗಿ ಬಂದೆವು! ಕೇಳಿದವಳು ಬಂದು ಹೇಳದಿದ್ದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ. ಇಲ್ಲಿ ಸ್ಪ್ರಿಂಕ್ಲರ್ ಪೈಪು ಎಳೆಯುವ ಗಡಿಬಿಡಿ, ಅದಕ್ಕೇ ತಡವಾಯಿತು.

ಮಂಜಿನೂರು ಅವರು ಹೇಳಿದ ಬಾಲ್ಕನಿ ಹೋಟೆಲ್ಲನ್ನೇ ಮಾಡಿದೆವು, ರಿವರ್ ವ್ಯೂ ಅಂತ ಎರಡು ಸಲ ಓದಿ. ನಾಲ್ಕು ರಾತ್ರಿಗೆ ನಮ್ಮ ಬಜೆಟ್ ಮೇಲೆ ಎರಡು ಸಾವಿರ ಜಾಸ್ತಿ ಹೋಯಿತು, ಬೇಜಾರಿಲ್ಲ. ಮೊದಲ ದಿನವೇ ಮೇಲ್ ಹಾಕಿದ್ದರಿಂದ ರೂಮು ಬೇಗ ಸಿಕ್ಕಿತು. ನಾನು ಈಜುಕೊಳದಲ್ಲಿ ಎರಡೇ ಸಲ ಇಳಿದದ್ದು, ಬಿಸಿಲು ಅಷ್ಟು.

ಅತ್ತೆ ಅರಮನೆ ನೋಡಿದ ಮರುದಿನ ಎಲ್ಲಿಗೂ ಬರುವುದಿಲ್ಲ ಅಂದರು. ನಾವಿಬ್ಬರೂ ದೋಣಿ ಹತ್ತಿ ವಾಟ್ ಅರುಣ್‌ಗೆ ಹೋದೆವು. ಗೋಪುರದ ಮೈತುಂಬ ಪಿಂಗಾಣಿ ಚೂರು ಅಂಟಿಸಿದ್ದಾರೆ, ಹತ್ತಿರದಿಂದ ನೋಡಿದರೆ ಹಳೆಯ ತಟ್ಟೆ ಬಟ್ಟಲಿನ ಹೂವು ಹಾಗೇ ಕಾಣುತ್ತದೆ. ಸಂಜೆ ವಾಪಸ್ ಬಂದರೆ ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಫಿಲ್ಟರ್ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾರೆ. 'ಈ ಹೊಳೆಗೆ ದಾರಿ ತಪ್ಪಿದೆ' ಅಂದರು. ಏನಮ್ಮ ಅಂದರೆ, ಬೆಳಿಗ್ಗೆ ಅಂತರಗಂಗೆ ಗಿಡದ ಗುಂಪು ಎಡಕ್ಕೆ ತೇಲಿಕೊಂಡು ಹೋಗುತ್ತಿತ್ತಂತೆ, ಊಟದ ಹೊತ್ತಿಗೆ ನಿಂತಿತಂತೆ, ಆಮೇಲೆ ಬಲಕ್ಕೆ ಹೊರಟಿತಂತೆ. ಯಜಮಾನರು ನಕ್ಕರು. ಕೆಳಗೆ ಕೇಳಿದರೆ ಹೌದಂತೆ! ಸಮುದ್ರ ಹತ್ತಿರ, ಉಬ್ಬರ ಬಂದಾಗ ನೀರು ಮೇಲಕ್ಕೇ ಹರಿಯುತ್ತದೆ. ಮಾರ್ಚ್‌ನಲ್ಲಿ ಮೇಲಿನಿಂದ ಬರುವ ನೀರು ಕಡಿಮೆ, ಹಾಗಾಗಿ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ಉಳಿದ ದಿನಗಳಲ್ಲಿ ಅತ್ತೆ ಟೈಮ್ ಬರೆದಿಟ್ಟು ನೋಡುತ್ತಿದ್ದರು. ಒಂದು ಪುಟ್ಟ ಟಗ್ ದೋಣಿ ಹಿಂದೆ ನಾಲ್ಕು ದೊಡ್ಡ ಬಾರ್ಜ್ ಸಾಲಾಗಿ ಹೋಗುತ್ತಿತ್ತಂತೆ, ಅದರ ಲೆಕ್ಕವೂ ಚೀಟಿಯಲ್ಲಿದೆ.

ಕಾವೇರಮ್ಮ ಅವರೇ, ನೂಪುಟ್ಟು ಸಿಕ್ಕಿತು. ಯಜಮಾನರು ಮೂ ಪಿಂಗ್ ಎಷ್ಟು ತಿಂದರು ಅಂತ ಇಲ್ಲಿ ಬರೆಯುವುದಿಲ್ಲ.

ಕೊಪ್ಪ ಗೇಟ್

ಉಲ್ಟಾ ಹರಿಯುವ ಹೊಳೆಯಾ! ಸರಿ ಅಕ್ಕ, ಕುಶಾಲನಗರ ಸೋತಿತು. ಅಕ್ಟೋಬರ್‌ನಲ್ಲಿ ಸಂಕ್ರಮಣ ಮುಗಿದ ಮೇಲೆ ನಾವೂ ಹೋಗುವ ಯೋಚನೆ ಇದೆ.

ಅಮ್ಮತ್ತಿ ತೋಟದಮನೆ

ಅಕ್ಟೋಬರ್ ಅಲ್ಲಿ ಮಳೆಗಾಲದ ಕೊನೆ, ಹೊಳೆ ತುಂಬಿರುತ್ತದೆ, ಕೊಡೆ ಇರಲಿ. ನಮ್ಮ ಹತ್ತಿರ ಬಾತ್ ಚಿಲ್ಲರೆ ನಾಣ್ಯ ಒಂದು ಮುಷ್ಟಿ ಉಳಿದಿದೆ, ಇಲ್ಲಿ ಅದನ್ನು ಯಾರೂ ಬದಲಾಯಿಸಿ ಕೊಡುತ್ತಿಲ್ಲ. ಅಮ್ಮತ್ತಿ ಕಡೆ ಬಂದರೆ ತೆಗೆದುಕೊಂಡು ಹೋಗಿ. ಆ ತಗಡಿನ ಕೊಳವೆಯ ಅಕ್ಕನಿಗೆ ನಾಲ್ಕೈದು ಟಿಕೆಟ್‌ಗೆ ಸಾಕಾಗುತ್ತದೆ.