ಹಗ್ಗ ತಡೆಯಿತು, ಕೊಂಬೆ ಸೀಳಿತು. 80 ಕೆಜಿಗೆ ಹೀಗಾಗುತ್ತಾ?

ಮರಕೋತಿ:
ಮರ ಇಳಿಸುವ ಕೆಲಸಕ್ಕೆ ಬಂದು ಎಂಟು ತಿಂಗಳಾಯಿತು. ಮೊನ್ನೆ ಒಂದು ಕಡೆ ಎದೆ ಝಲ್ಲೆಂದಿತು. ಯಾಕೆ ಹಾಗಾಯಿತು ಅಂತ ಇನ್ನೂ ತಲೆಗೆ ಹೋಗಿಲ್ಲ.

ತುದಿಯನ್ನು ತುಂಡು ತುಂಡಾಗಿ ಕತ್ತರಿಸಿ ಹಗ್ಗದಲ್ಲಿ ಇಳಿಸುತ್ತಿದ್ದೆವು. ಕೆಳಗೆ ತಗಡಿನ ಚಾವಣಿ, ಸುಮ್ನೆ ಬೀಳಿಸುವ ಹಾಗಿರಲಿಲ್ಲ. ತುಂಡು ಸುಮಾರು 80 ಕೆಜಿ. ತೊಡೆಯಷ್ಟು ದಪ್ಪದ ಪಕ್ಕದ ಕೊಂಬೆಗೆ, ಕಾಂಡದಿಂದ ಒಂದು ಮೊಳ ಆಚೆ ರಾಟೆ ಕಟ್ಟಿದ್ದೆ. ಅದೇ ಕೊಂಬೆಯ ಮೇಲೆ ನಾನೂ ನಿಂತಿದ್ದೆ, ಅಲ್ಲಾಡಿರಲಿಲ್ಲ. ಹಗ್ಗ 4500 ಕೆಜಿಗೆ ತುಂಡಾಗುವಂಥದ್ದು. ಕೆಳಗಿದ್ದವನು ಬುಡಕ್ಕೆ ಮೂರು ಸುತ್ತು ಹಾಕಿ ಗಟ್ಟಿಯಾಗಿ ಹಿಡಿದಿದ್ದ. ತುಂಡು ಕಳಚಿ ಒಂದೂವರೆ ಮೀಟರ್ ಬಿತ್ತು. ಹಗ್ಗ ಟಣ್ ಅಂತ ಬಿಗಿಯಿತು. ಕೊಂಬೆ ಕವಲಿನಲ್ಲೇ ಸೀಳಿ ಜೋತುಬಿತ್ತು. ಯಾರಿಗೂ ಏನೂ ಆಗಲಿಲ್ಲ, ತಗಡು ಮಾತ್ರ ನಜ್ಜುಗುಜ್ಜು.

ರಾಟೆ ಹಾಕಿದರೆ ಭಾರ ಕಡಿಮೆ ಆಗಬೇಕು ಅಲ್ವಾ? 80 ಕೆಜಿಗೆ ಅಂಥ ಕೊಂಬೆ ಹೇಗೆ ಸೀಳಿತು?

ಹಳೇ ಗರಗಸ:
ಯಾರಿಗೂ ಏಟಾಗಲಿಲ್ಲವಲ್ಲ, ಅಷ್ಟು ಸಾಕು. ತಗಡು ಹೊಸದು ಹಾಕಿಸಬಹುದು.

ರಾಟೆಯಲ್ಲಿ ಎರಡು ಥರ. ಭಾರದ ಜೊತೆಗೇ ಮೇಲೆ ಕೆಳಗೆ ಓಡಾಡುವ ರಾಟೆ ಎಳೆಯುವ ಬಲವನ್ನು ಅರ್ಧ ಮಾಡುತ್ತದೆ. ಒಂದು ಕಡೆ ಕಟ್ಟಿಟ್ಟ ರಾಟೆ ದಿಕ್ಕು ತಿರುಗಿಸುತ್ತದೆ, ಅಷ್ಟೇ. ನಿಮ್ಮದು ಎರಡನೆಯದು. ಬಾವಿ ರಾಟೆ ನೆನಪಿಸಿಕೊಳ್ಳಿ. ಒಂದು ಕಡೆ ಕೊಡ ಕೆಳಗೆ ಜಗ್ಗುತ್ತದೆ. ಇನ್ನೊಂದು ಕಡೆ ನೀವೂ ಅಷ್ಟೇ ಜೋರಾಗಿ ಕೆಳಗೇ ಜಗ್ಗುತ್ತೀರಿ. ಮೇಲಿನ ತೊಲೆ ಎರಡನ್ನೂ ಹೊರಬೇಕು. ತುಂಡು ಸುಮ್ನೆ ನೇತಾಡುತ್ತಿದ್ದರೂ ನಿಮ್ಮ ಕೊಂಬೆಗೆ 80 ಅಲ್ಲ, 160.

ಆದರೆ ಕೊಂಬೆ ಸೀಳಿದ್ದು ಅದೊಂದರಿಂದಲೇ ಅಲ್ಲ. ಒಂದೂವರೆ ಮೀಟರ್ ಬಿದ್ದ ತುಂಡನ್ನು ಎಷ್ಟು ದೂರದಲ್ಲಿ ನಿಲ್ಲಿಸಿದಿರಿ ಅನ್ನುವುದು ಮುಖ್ಯ. ಹಗ್ಗ ಹಿಗ್ಗಿ, ಮರ ಬಾಗಿ, ಅರ್ಧ ಮೀಟರ್‌ನಲ್ಲಿ ನಿಂತಿತು ಅಂದುಕೊಳ್ಳಿ. ಬಿದ್ದ ದೂರ ನಿಂತ ದೂರದ ಮೂರು ಪಟ್ಟು. ಅದಕ್ಕೆ ತುಂಡಿನ ಸ್ವಂತ ತೂಕ ಸೇರಿಸಿ. ಒಟ್ಟು ನಾಲ್ಕು ಪಟ್ಟು, 320 ಕೆಜಿ. ಇದು ಸರಾಸರಿ. ಹಗ್ಗ ಸ್ಪ್ರಿಂಗ್ ಇದ್ದ ಹಾಗೆ, ಸೊನ್ನೆಯಿಂದ ಶುರುವಾಗಿ ಕೊನೆಗೆ ಸರಾಸರಿಯ ಎರಡರಷ್ಟಕ್ಕೆ ಮುಟ್ಟುತ್ತದೆ. ಅಂದರೆ 640. ರಾಟೆಯ ಎರಡೂ ಕಡೆ ಅಷ್ಟಷ್ಟು. ಕೊಂಬೆಗೆ 1280. ಘರ್ಷಣೆ ಅದು ಇದು ಕಳೆದು ಸಾವಿರ ಅಂತಲೇ ಇಟ್ಟುಕೊಳ್ಳಿ. ಅದೂ ಕಾಂಡದಿಂದ ಮೊಳ ದೂರದಲ್ಲಿ! ಸನ್ನೆಕೋಲು ಹಾಕಿ ಕವಲನ್ನು ಮೀಟಿದ ಹಾಗೆ. ನೀವು ನಿಂತಾಗ ಅದೇ ಕೊಂಬೆ ಹೊತ್ತಿದ್ದು ನಿಮ್ಮ ಮೈತೂಕ ಮಾತ್ರ.

ಹಗ್ಗಕ್ಕೇನೂ ಆಗಲಿಲ್ಲ ಅಂತ ಖುಷಿಪಡಬೇಡಿ. ನಮ್ಮ ಕೆಲಸದಲ್ಲಿ ತುಂಡಾಗುವ ಬಲದ ಹತ್ತನೇ ಒಂದು ಭಾಗ ದಾಟಬಾರದು ಅಂತ ಇಟ್ಟುಕೊಳ್ಳುತ್ತೇವೆ. ನಿಮ್ಮ ಹಗ್ಗಕ್ಕೆ ಅದು 450. ಗಂಟು ಹಾಕಿದ ಕಡೆ ಶಕ್ತಿ ಇನ್ನೂ ಮೂರನೇ ಒಂದರಷ್ಟು ಹೋಗಿರುತ್ತದೆ. ಆ ಗಂಟು ಬಿಚ್ಚಿ, ಎಳೆ ಗಟ್ಟಿಯಾಗಿ ಗಾಜಿನಂತೆ ಹೊಳೆಯುತ್ತಿದೆಯಾ ನೋಡಿ. ಹಾಗಿದ್ದರೆ ಆ ತುದಿ ಕತ್ತರಿಸಿ ಎಸೆಯಿರಿ.

ಲೆಕ್ಕದ ಮೇಷ್ಟ್ರು:
ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ನಾನು ಮುಳ್ಳಿನ ಕೊಕ್ಕೆ ತಕ್ಕಡಿಯನ್ನು ತೊಲೆಗೆ ಕಟ್ಟಿ, 10 ಕೆಜಿ ಮರಳಿನ ಚೀಲ ತೂಗುಹಾಕಿದ್ದೆ. ನೇರವಾಗಿ ಕಟ್ಟಿದರೆ 10. ತಕ್ಕಡಿಗೆ ರಾಟೆ ಸಿಕ್ಕಿಸಿ, ಚೀಲದ ಹಗ್ಗವನ್ನು ಅದರೊಳಗೆ ತೂರಿಸಿ ಕೆಳಗಿನಿಂದ ಹಿಡಿದರೆ 20. ನಿಧಾನ ಇಳಿಸುವಾಗ ಮುಳ್ಳು 19ಕ್ಕೆ ಬಂತು, ಎತ್ತುವಾಗ 21ಕ್ಕೆ ಹೋಯಿತು.

ಮಜಾ ಇರುವುದು ಇದರಲ್ಲಿ. ರಾಟೆ ತೆಗೆದು ಚೀಲವನ್ನು ನೇರ ಕೊಕ್ಕೆಗೇ ಕಟ್ಟಿ, ಕೈಯಲ್ಲಿ ಎತ್ತಿ ಹಿಡಿದೆ. ಹಗ್ಗ ಸಡಿಲವೂ ಇಲ್ಲ, ಬಿಗಿಯೂ ಇಲ್ಲ. ಥಟ್ಟನೆ ಕೈ ಬಿಟ್ಟೆ. ಚೀಲ ಒಂದಿಂಚೂ ಬೇರೆಯಾಗಿ ಬಿದ್ದಿಲ್ಲ, ಆದರೂ ಮುಳ್ಳು ಒಂದು ಕ್ಷಣ 20ರ ಹತ್ತಿರ ಜಿಗಿಯಿತು.

ನೆರಳಿನವನು:
ಹಿಡಿಯುವವನು ಬುಡ ಬಿಟ್ಟು ದೂರ ನಿಲ್ಲಬೇಕು ಗುರು. ಹಗ್ಗ ಓರೆಯಾದರೆ ಮೇಲಿನ ಭಾರ ಇಳಿಯುತ್ತೆ. ನಾವು ಹಾಗೇ ಮಾಡೋದು.

ಹಳೇ ಗರಗಸ:
ಇಳಿಯುತ್ತದೆ, ಎಷ್ಟು ಅಂತ ನೋಡಿದ್ದೀರಾ? ರಾಟೆ 10 ಮೀಟರ್ ಎತ್ತರದಲ್ಲಿದೆ, ನೀವು 10 ಮೀಟರ್ ದೂರ ನಿಂತಿದ್ದೀರಿ. 100 ಕೆಜಿ ತುಂಡಿಗೆ ಮೇಲಿನ ಬಲ 200ರ ಬದಲು 185. ಉಳಿದದ್ದು 15 ಕೆಜಿ. ಆದರೆ ಈಗ ಆ ಬಲ ನೇರ ಕೆಳಗಿಲ್ಲ, ಎರಡು ಹಗ್ಗದ ನಟ್ಟನಡುವಿನ ದಿಕ್ಕಿಗಿದೆ. ಮರದ ತುದಿಯನ್ನು ನಿಮ್ಮ ಕಡೆ 71 ಕೆಜಿಯಷ್ಟು ಅಡ್ಡಕ್ಕೆ ಎಳೆಯುತ್ತಿದೆ. ಕಾಂಡ ಮೇಲಿನಿಂದ ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಅಡ್ಡಕ್ಕೆ ಬಾಗಿಸಿದರೆ ಅಲ್ಲ. ಬುಡ ಟೊಳ್ಳಾಗಿದ್ದರೆ, ಮೇಲೆ ಮನುಷ್ಯನೂ ಇದ್ದರೆ, ಆ 15 ಕೆಜಿ ಯಾರಿಗೆ ಬೇಕು?

ದೂರ ನಿಲ್ಲುವುದೇನೋ ಸರಿ, ಕೆಳಗೆ ಬೀಳುವ ಜಾಗದಲ್ಲಿ ಯಾರೂ ಇರಬಾರದು. ಅದಕ್ಕೆ ಬುಡದಲ್ಲಿ ಇನ್ನೊಂದು ರಾಟೆ ಕಟ್ಟಿ. ಹಗ್ಗ ಕಾಂಡದ ಪಕ್ಕದಲ್ಲೇ ಇಳಿದು, ಅಲ್ಲಿಂದ ತಿರುಗಿ ನಿಮ್ಮ ಕೈಗೆ ಬರಲಿ.

ಮರಕೋತಿ:
ಅಣ್ಣಾ, ಈಗ ಅರ್ಥವಾಗುತ್ತಿದೆ. ಹಾಗಾದರೆ ರಾಟೆಯೇ ಬೇಡ, ಹಳಬರ ಥರ ಹಗ್ಗವನ್ನು ಕವಲಿನ ಮೇಲೆ ಹಾಯಿಸಿದರೆ? ಘರ್ಷಣೆಯೇ ಅರ್ಧ ಹಿಡಿದುಕೊಳ್ಳುತ್ತದಲ್ಲ.

ಲೆಕ್ಕದ ಮೇಷ್ಟ್ರು:
ಅದನ್ನೂ ನೋಡಿದೆ. ರಾಟೆಯ ಜಾಗಕ್ಕೆ ಕಬ್ಬಿಣದ ಪೈಪ್ ಕಟ್ಟಿದಾಗ, ಅದೇ 10 ಕೆಜಿ ಚೀಲ ಇಳಿಸಲು ಕೈಗೆ 4 ಕೆಜಿ ಸಾಕಾಯಿತು. ತಕ್ಕಡಿ 14 ತೋರಿಸಿತು. ಅದೇ ಚೀಲ ಎತ್ತಲು ಹೋದರೆ 25 ಕೆಜಿ ಎಳೆಯಬೇಕು, ಮೇಲೆ 35.

ಹಳೇ ಗರಗಸ:
ಚಿಕ್ಕ ಕೊಂಬೆಗೆ ಪರವಾಗಿಲ್ಲ, ನಾನೂ ಹಾಗೆ ಇಳಿಸಿದ್ದೇನೆ. ದೊಡ್ಡದಕ್ಕೆ ಬೇಡ. ಕವಲು ಹಗ್ಗವನ್ನು ಕಚ್ಚಿ ಹಿಡಿಯುವುದರಿಂದ ತುಂಡಿನ ಕಡೆಯ ಗಿಡ್ಡ ಹಗ್ಗವೇ ಹೆಚ್ಚು ಹಿಗ್ಗಬೇಕು. ರಾಟೆ ಇದ್ದರೆ ಬುಡದವರೆಗಿನ ಇಡೀ ಹಗ್ಗ ಹಿಗ್ಗುತ್ತದೆ, ಜರ್ಕ್ ಅಷ್ಟು ಮೆತ್ತಗಾಗುತ್ತದೆ. ತೊಗಟೆ ಒಣಗಿದ್ದಾಗ ಒಂದು ಥರ, ಹಸಿಯಾಗಿದ್ದಾಗ ಇನ್ನೊಂದು ಥರ. ಮೊದಲ ತುಂಡಿಗೆ ಹಿಡಿದ ಕವಲು ಎರಡನೆಯದಕ್ಕೆ ಜಾರಿಬಿಡುತ್ತದೆ.

ಘರ್ಷಣೆ ಬುಡದಲ್ಲಿರಲಿ. ಅಂದಹಾಗೆ, ನಿಮ್ಮ ಮೂರು ಸುತ್ತಿನ ವಿಷಯ. ಸುತ್ತು ಏರಿದ ಹಾಗೆ ಹಿಡಿತ ಕೂಡುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆ ಕಡಿಮೆ ಅಂತ 0.2 ಇಟ್ಟುಕೊಂಡರೂ ಒಂದು ಸುತ್ತಿಗೆ ಮೂರೂವರೆ ಪಟ್ಟು, ಎರಡಕ್ಕೆ 12, ಮೂರಕ್ಕೆ 43. ತೊಗಟೆ ಮೇಲೆ ಇನ್ನೂ ಜಾಸ್ತಿ. ಅಂದರೆ ಅತ್ತ ಕಡೆ 640 ಕೆಜಿ ಜಗ್ಗುತ್ತಿದ್ದಾಗ ನಿಮ್ಮವನ ಕೈಗೆ ಬಂದದ್ದು ಹೆಚ್ಚೆಂದರೆ 15. ಮೇಲೆ ಏನಾಗುತ್ತಿದೆ ಅಂತ ಪಾಪ ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಎರಡು ಸುತ್ತು ಹಾಕಿ, ತುಂಡು ಬಿದ್ದ ಮೇಲೆ ಒಂದೂವರೆ ಮೀಟರ್ ಹಗ್ಗ ಜಾರಲು ಬಿಟ್ಟು ನಿಲ್ಲಿಸಿದ್ದರೆ? ಹಗ್ಗಕ್ಕೆ 160, ಮೇಲೆ 320. ಅವನ ಕೈಗೆ 13. ಕೈಗೆ ಹೆಚ್ಚು ಕಡಿಮೆ ಅದೇ ಭಾರ, ಕೊಂಬೆಗೆ ಕಾಲು ಭಾಗ. ಆದರೆ ಕೆಳಗೆ ಜಾರಲು ಜಾಗ ಇರಬೇಕು. ಚಾವಣಿ ಎರಡು ಮೀಟರ್ ಕೆಳಗೇ ಇದ್ದರೆ ಈ ಉಪಾಯ ನಡೆಯುವುದಿಲ್ಲ, ತುಂಡನ್ನೇ ಚಿಕ್ಕದು ಮಾಡಬೇಕು. ರಾಟೆಯನ್ನು ಮುಖ್ಯ ಕಾಂಡಕ್ಕೇ ಕಟ್ಟಿ, ಕತ್ತರಿಸುವ ಜಾಗದ ಆದಷ್ಟು ಹತ್ತಿರ. ರಾಟೆ ಕೆಳಗಿಳಿದಷ್ಟೂ ತುಂಡು ಬೀಳುವ ದೂರ ಬೆಳೆಯುತ್ತದೆ.

ಮರಕೋತಿ:
ಗಂಟು ನೋಡಿದೆ ಅಣ್ಣಾ. ಒಳಗಡೆ ಬೆರಳಗಲ ಹೊಳೆಯುತ್ತಿತ್ತು, ಉಗುರಿಗೆ ಗಟ್ಟಿ. ಎರಡು ಮೀಟರ್ ಕತ್ತರಿಸಿ ಹಾಕಿದೆ. ಉಳಿದ ಮರ ಶನಿವಾರ ಇಳಿಸುತ್ತೇವೆ. ಮೊದಲು 20 ಕೆಜಿಯ ನಾಲ್ಕು ತುಂಡು, ಎರಡೇ ಸುತ್ತು. ಜಾರಿಸಿ ನಿಲ್ಲಿಸುವುದನ್ನು ಅವನು ಅದರಲ್ಲೇ ಕಲಿಯಲಿ.

ಹಳೇ ಗರಗಸ:
ಕೈಗೆ ಗ್ಲೌಸ್ ಹಾಕಿಸಿ. ಹಗ್ಗದ ಬಾಲ ಅವನ ಕಾಲಿಗೆ ಸುತ್ತಿಕೊಳ್ಳದ ಹಾಗೆ ಇನ್ನೊಬ್ಬ ನೋಡಿಕೊಳ್ಳಲಿ.