ರಿಬ್ರೀದರ್ ಒಳಗೆ ನೀರು ನುಗ್ಗೋದು ಎಷ್ಟು ಸಾಮಾನ್ಯ? ತಡೆಯೋದು ಹೇಗೆ?

ಪ್ರಶ್ನೆ (ಮಂಡ್ಯದಿಂದ):
ನಮಸ್ಕಾರ ಸರ್. ನಾನು ಅಂಡಮಾನ್‌ನಲ್ಲಿ ಸ್ಕೂಬಾ ಕಲಿಸುವ ಕೆಲಸದಲ್ಲಿದ್ದೇನೆ. ಈಗ ರಜೆಗೆ ಊರಿಗೆ ಬಂದಿದ್ದೇನೆ. ರಿಬ್ರೀದರ್ ಕಲಿಯಬೇಕು ಅಂತ ತುಂಬಾ ಆಸೆ ಇದೆ. ಒಬ್ಬರು ತಮ್ಮ ಸೆಕೆಂಡ್ ಹ್ಯಾಂಡ್ ಯೂನಿಟ್ ಕೊಡುತ್ತೇನೆ ಅಂದಿದ್ದಾರೆ. ಆದರೆ ಜೊತೆಗಾರರು "ಅದರೊಳಗೆ ನೀರು ನುಗ್ಗಿದರೆ ಕಥೆ ಮುಗೀತು" ಅಂತ ಹೆದರಿಸುತ್ತಾರೆ. ನಿಜವಾಗಿ ಎಷ್ಟು ಸಲ ಹೀಗಾಗುತ್ತದೆ? ತಡೆಯೋಕೆ ಏನು ಮಾಡಬೇಕು?

ಉತ್ತರ (ನೌಕಾಪಡೆಯ ನಿವೃತ್ತ ಡೈವರ್, ಮೈಸೂರು):
ಒಳ್ಳೆ ಪ್ರಶ್ನೆ ತಮ್ಮ. ಗುಂಪಿನಲ್ಲಿ ಬಹಳ ಜನಕ್ಕೆ ಈ ಯಂತ್ರ ಹೊಸದು, ಅವರಿಗಾಗಿ ಮೊದಲು ಎರಡು ಮಾತು. ಮಾಮೂಲಿ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ರಿಬ್ರೀದರ್‌ನಲ್ಲಿ ಹೋಗಲ್ಲ. ಅದು ಪೈಪಿನಲ್ಲಿ ಹಾದು ಸೋಡಾ ಲೈಮ್ ತುಂಬಿದ ಡಬ್ಬಿಗೆ, ಅಂದರೆ ಸ್ಕ್ರಬ್ಬರ್‌ಗೆ ಬರುತ್ತದೆ. ಅಲ್ಲಿ ಸೋಡಾ ಲೈಮ್ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಖರ್ಚಾದಷ್ಟು ಆಕ್ಸಿಜನ್ ಸೇರುತ್ತದೆ, ಅದೇ ಗಾಳಿ ಮತ್ತೆ ಬಾಯಿಗೆ ಬರುತ್ತದೆ. ಉಸಿರು ತುಂಬಿಕೊಳ್ಳುವ ಚೀಲಗಳಿಗೆ ಕೌಂಟರ್‌ಲಂಗ್ ಅಂತಾರೆ. ಈ ಇಡೀ ಸುತ್ತು ಲೂಪ್.

ಈಗ ನಿನ್ನ ಪ್ರಶ್ನೆ. ಲೂಪ್ ಒಳಗೆ ಸ್ವಲ್ಪ ನೀರು ಪ್ರತಿ ಡೈವ್‌ನಲ್ಲೂ ಇರುತ್ತದೆ. ಉಸಿರಿನ ತೇವ, ಬಾಯಿಯ ಜೊಲ್ಲು, ಸಾಲದ್ದಕ್ಕೆ ಸೋಡಾ ಲೈಮ್ ಕಾರ್ಬನ್ ಡೈಆಕ್ಸೈಡ್ ಹೀರುವಾಗ ಬಿಸಿಯ ಜೊತೆ ನೀರನ್ನೂ ಹುಟ್ಟಿಸುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಆ ನೀರು ಒಂದು ಕಡೆ ನಿಲ್ಲಲಿ ಅಂತಲೇ ಯೂನಿಟ್‌ಗಳಲ್ಲಿ ಜಾಗ ಬಿಟ್ಟಿರುತ್ತಾರೆ. ತುಟಿ ಸಂದಿಯಿಂದ ಒಂದೆರಡು ಗುಟುಕು ಒಳಗೆ ಹೋಗೋದೂ ಕಲಿಯುವವರಲ್ಲಿ ಮಾಮೂಲಿ. ಲೂಪ್ ಪೂರ್ತಿ ತುಂಬಿ ಉಸಿರಾಡಲು ಆಗದ ಸ್ಥಿತಿ ಮಾತ್ರ ಅಪರೂಪ. ಅದರ ಬೇರು ಹುಡುಕಿದರೆ ಬಹುಪಾಲು ದಡದ ಮೇಲೆ, ಯಂತ್ರ ಜೋಡಿಸಿದ ಮೇಜಿನ ಮೇಲೆ ಸಿಗುತ್ತದೆ. ಓ-ರಿಂಗ್, ಅಂದರೆ ಜೋಡಣೆಯ ಸಂದಿ ಮುಚ್ಚುವ ರಬ್ಬರ್ ಬಳೆ, ಹಾಕಲು ಮರೆತಿರುತ್ತಾರೆ. ಹಾಕಿದ್ದರೂ ಅದರ ಕೆಳಗೆ ಒಂದು ಕೂದಲೋ ಸೋಡಾ ಲೈಮ್‌ನ ಒಂದು ಕಾಳೋ ಕೂತಿರುತ್ತದೆ. ಪೈಪಿನ ನಟ್ ಥ್ರೆಡ್ ತಪ್ಪಿ ಓರೆಯಾಗಿ ಕೂತು ಬಿಗಿಯಾದ ಹಾಗೆ ಕಾಣುತ್ತದೆ. ನೀರಿನೊಳಗೆ ಆಗೋದು ಮುಖ್ಯವಾಗಿ ಒಂದೇ, ಮೌತ್‌ಪೀಸ್ ಮುಚ್ಚದೆ ಬಾಯಿಂದ ತೆಗೆಯೋದು.

ತೂತು ಎಲ್ಲಿದೆ ಅನ್ನೋದೂ ಮುಖ್ಯ. ಲೂಪ್ ಒಳಗಿನ ಗಾಳಿಗೆ ಎಲ್ಲ ಕಡೆ ಒಂದೇ ಒತ್ತಡ, ಕೌಂಟರ್‌ಲಂಗ್ ಇರುವ ಮಟ್ಟದಲ್ಲಿ ನೀರಿಗೆ ಎಷ್ಟಿದೆಯೋ ಅಷ್ಟು. ಹೊರಗಿನ ನೀರಿನ ಒತ್ತಡ ಮಾತ್ರ ಕೆಳಗೆ ಹೋದ ಹಾಗೆ ಜಾಸ್ತಿ, ಒಂದು ಮೀಟರಿಗೆ 0.1 ಬಾರ್. ಆದ್ದರಿಂದ ಕೌಂಟರ್‌ಲಂಗ್‌ಗಿಂತ ಮೇಲಿರುವ ತೂತಿನಿಂದ ಗುಳ್ಳೆ ಹೊರಗೆ ಬರುತ್ತದೆ, ಕೆಳಗಿರುವ ತೂತಿನಿಂದ ನೀರು ಒಳಗೆ ಬರುತ್ತದೆ. ಬೆನ್ನಿನ ಮೇಲೆ ಕೌಂಟರ್‌ಲಂಗ್ ಇರುವ ಯೂನಿಟ್ ಹಾಕಿಕೊಂಡು ಮಟ್ಟಸವಾಗಿ ಈಜುವಾಗ ಮೌತ್‌ಪೀಸೇ ಕೆಳಗಿರುತ್ತದೆ ಅಲ್ವಾ? ಅಲ್ಲಿ ರಬ್ಬರ್ ಹರಿದಿದ್ದರೆ ಸದ್ದಿಲ್ಲದೆ ನೀರು ಇಳಿಯುತ್ತದೆ. ಗೆಳೆಯ ಎಷ್ಟು ನೋಡಿದರೂ ಗುಳ್ಳೆ ಕಾಣಲ್ಲ.

ಇದಕ್ಕೇ ಎರಡು ಟೆಸ್ಟ್ ಇರೋದು. ಪಾಸಿಟಿವ್‌ನಲ್ಲಿ ಲೂಪ್‌ಗೆ ಗಾಳಿ ತುಂಬಿ ಕೌಂಟರ್‌ಲಂಗ್ ಬಿಗಿಯಾಗೇ ಉಳಿಯುತ್ತದಾ ನೋಡಬೇಕು. ನೆಗೆಟಿವ್‌ನಲ್ಲಿ ಬಾಯಿಂದ ಗಾಳಿ ಎಳೆದು ಮೌತ್‌ಪೀಸ್ ಮುಚ್ಚಬೇಕು. ಸುಕ್ಕಿದ ಪೈಪು ಸುಕ್ಕಿದ ಹಾಗೇ ಇರಬೇಕು, ನಿಧಾನಕ್ಕೆ ಅಗಲವಾದರೂ ಸೋರಿಕೆ ಇದೆ ಅಂತ. ಜನ ಪಾಸಿಟಿವ್ ಮಾಡಿ ನೆಗೆಟಿವ್ ಬಿಡುತ್ತಾರೆ, ಅದು ದೊಡ್ಡ ತಪ್ಪು. ಹೆಚ್ಚಾದ ಗಾಳಿ ಹೊರಬಿಡುವ ವಾಲ್ವ್‌ನಲ್ಲಿ ಮರಳು ಸಿಕ್ಕಿದ್ದರೆ ಅದನ್ನು ಹಿಡಿದುಕೊಡೋದು ನೆಗೆಟಿವ್ ಟೆಸ್ಟೇ. ಎಷ್ಟು ನಿಮಿಷ ಬಿಡಬೇಕು ಅನ್ನೋದು ಆಯಾ ಯೂನಿಟ್‌ನ ಕೈಪಿಡಿಯಲ್ಲಿರುತ್ತದೆ, ಅಷ್ಟೂ ಹೊತ್ತು ಕಾಯಬೇಕು. ಟೆಸ್ಟ್ ಮುಗಿದ ಮೇಲೆ ಯಾವುದನ್ನಾದರೂ ಬಿಚ್ಚಿದರೆ ಮತ್ತೆ ಮೊದಲಿಂದ.

ಮೌತ್‌ಪೀಸ್‌ಗೆ ಒಂದು ನಿಮಿಷ ಬೇರೆಯಾಗಿ ಕೊಡು. ಹಲ್ಲಿನಲ್ಲಿ ಕಚ್ಚುವ ಉಬ್ಬುಗಳ ಬುಡವನ್ನು ಎರಡು ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿ. ಹರಿದಿದ್ದರೆ ಎಳೆದಾಗ ಮಾತ್ರ ಕಾಣುತ್ತದೆ. ಅದನ್ನು ಬಿಗಿದಿರುವ ಪ್ಲಾಸ್ಟಿಕ್ ಟೈ ತಿರುಗಿಸಿ ನೋಡು, ಅಲುಗಬಾರದು. ಬಾಯಿಂದ ತೆಗೆಯುವ ಮೊದಲು ಮೌತ್‌ಪೀಸ್ ಮುಚ್ಚುವ ಲಿವರ್ ತಿರುಗಿಸೋದು ಕೈಗೇ ಅಭ್ಯಾಸ ಆಗಬೇಕು. ನೀರಿನ ಮೇಲೆ ಬಂದು ದೋಣಿಯವರ ಜೊತೆ ಮಾತಾಡುವ ಆತುರದಲ್ಲಿ ಲೂಪ್ ತುಂಬಿಸಿಕೊಳ್ಳುವವರು ಬಹಳ. ತಲೆಯ ಹಿಂದೆ ಕಟ್ಟುವ ಪಟ್ಟಿಯನ್ನೂ ಹಾಕಿಕೋ, ಪ್ರಜ್ಞೆ ತಪ್ಪಿದರೂ ಮೌತ್‌ಪೀಸ್ ಬಾಯಲ್ಲೇ ಉಳಿಯಲಿ ಅಂತ. ಫ್ರಾನ್ಸ್ ಸೇನೆಯ ರಿಬ್ರೀದರ್ ಡೈವರ್‌ಗಳ 1979ರಿಂದ 2009ರವರೆಗಿನ 153 ಅವಘಡಗಳ ಲೆಕ್ಕ ಪ್ರಕಟವಾಗಿದೆ. 54 ಸಲ ಪ್ರಜ್ಞೆ ತಪ್ಪಿದೆ, ಮುಳುಗಿ ಸತ್ತವರು 3 ಜನ. ಅವರಿಗೆ ಈ ಪಟ್ಟಿಯ ರೂಢಿ ಇದೆ, ಪಕ್ಕದಲ್ಲೇ ಜೊತೆಗಾರನೂ ಇರುತ್ತಾನೆ.

ಇಷ್ಟಾದರೂ ನೀರು ಬಂತು ಅನ್ನು. ಗುಳುಗುಳು ಸದ್ದು, ಉಸಿರು ಭಾರ, ದೇಹ ಕೆಳಗೆ ಜಗ್ಗೋದು. ಗಾಳಿಯ ಜಾಗದಲ್ಲಿ ಒಂದು ಲೀಟರ್ ನೀರು ಬಂದರೆ ಒಂದು ಕೆಜಿ ತೇಲುವ ಬಲ ಹೋಯಿತು. ಆಗ ಕಾರಣ ಹುಡುಕುತ್ತಾ ಕೂರಬೇಡ. ಲಿವರ್ ಮುಚ್ಚು, ಬೇಲ್‌ಔಟ್ ಸಿಲಿಂಡರ್‌ನ, ಅಂದರೆ ತುರ್ತಿಗೆ ಅಂತ ಬೇರೆಯಾಗಿ ಒಯ್ದ ಸಿಲಿಂಡರ್‌ನ ಗಾಳಿಗೆ ಬಾ, ಮೇಲೆ ಹೊರಡು. ನೆನೆದ ಸ್ಕ್ರಬ್ಬರ್ ಕೆಲಸ ಮಾಡಲ್ಲ. ಕಾರ್ಬನ್ ಡೈಆಕ್ಸೈಡ್ ಏರಿದರೆ ಮೊದಲು ಕೆಡೋದು ಬುದ್ಧಿ, ಆಮೇಲೆ ಸರಿಯಾದ ತೀರ್ಮಾನ ನಿನ್ನಿಂದ ಬರಲ್ಲ.

ಪ್ರಶ್ನೆ (ಮೈಸೂರು, ಕುವೆಂಪುನಗರ):
ಸರ್, ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸೋಡಾ ಲೈಮ್ ಅಂದರೆ ಸುಣ್ಣ, ಜೊತೆಗೆ ಕಾಸ್ಟಿಕ್ ಸೋಡಾ. ಆ ನೀರು ಬಾಯಿಗೆ ಬಂದರೆ?

ಉತ್ತರ:
ಸರಿಯಾಗಿ ಹಿಡಿದಿರಿ ಮೇಡಂ. ನಮ್ಮ ಮೈಸೂರು ಎಲೆಗೆ ಸುಣ್ಣ ಒಂದು ಚೂರು ಜಾಸ್ತಿ ಸವರಿದರೆ ನಾಲಿಗೆ ಹೇಗೆ ಬೇಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅದೇ ವಸ್ತು ಇಲ್ಲಿ ನೀರಾಗಿ, ಕಾಸ್ಟಿಕ್ ಸೋಡಾದ ಜೊತೆ ಗಂಟಲಿಗೆ ಬರುತ್ತದೆ. ಬಾಯಿ, ಗಂಟಲು ಸುಡುತ್ತದೆ, ಕೆಮ್ಮು ಕಟ್ಟುತ್ತದೆ. ಮೇಲೆ ಬಂದ ತಕ್ಷಣ ಸಿಹಿನೀರಿನಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಬೇಕು. ನುಂಗಿದ್ದರೆ ಸಿಹಿನೀರು ಸ್ವಲ್ಪ ಸ್ವಲ್ಪ ಕುಡಿಸಬೇಕು. ವಾಂತಿ ಮಾಡಿಸಬಾರದು, ಬಂದ ದಾರಿಯಲ್ಲೇ ಇನ್ನೊಮ್ಮೆ ಸುಡುತ್ತದೆ. ಹುಳಿ ಹಾಕಿದರೆ ಸುಣ್ಣದ ಶಕ್ತಿ ಹೋಗುತ್ತದೆ ಅಂತ ನಿಂಬೆರಸ, ವಿನೆಗರ್ ಕೊಡೋದೂ ಬೇಡ. ಉಸಿರಾಡಲು ಕಷ್ಟ ಅಥವಾ ದನಿ ಬದಲಾದರೆ ನೇರ ಆಸ್ಪತ್ರೆಗೆ. ದೋಣಿಯಲ್ಲಿ ಒಂದು ಕ್ಯಾನ್ ಸಿಹಿನೀರು ಬೇರೆಯಾಗಿ ಇಟ್ಟಿರಬೇಕು. ಸಮುದ್ರದ ನೀರಿನಲ್ಲಿ ಮುಕ್ಕಳಿಸಬಹುದು, ನುಂಗುವ ಹಾಗಿಲ್ಲ.

ಪ್ರಶ್ನೆ (ಮದ್ದೂರಿನಿಂದ):
ಅಣ್ಣಾ, ನಮ್ಮದು ಪಂಪ್‌ಸೆಟ್ ರಿಪೇರಿ ಅಂಗಡಿ. ಎಲ್ಲಾ ಸೈಜಿನ ಓ-ರಿಂಗ್ ಇದೆ. ಅದನ್ನೇ ಹಾಕಬಹುದಾ?

ಉತ್ತರ:
ಬೇಡಪ್ಪ. ಸೈಜ್ ಕೂತರೂ ರಬ್ಬರ್ ಬೇರೆ. ನಿಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ನೈಟ್ರೈಲ್. ಆಕ್ಸಿಜನ್ ಇರುವ ಕಡೆ ಇಪಿಡಿಎಂ ಅಥವಾ ವೈಟಾನ್ ಬೇಕು. ಗ್ರೀಸ್ ಕೂಡ ಆಕ್ಸಿಜನ್‌ಗೆ ಹೊಂದುವಂಥದ್ದೇ ಆಗಬೇಕು. ಹೈ ಪ್ರೆಶರ್ ಆಕ್ಸಿಜನ್‌ಗೆ ಮಾಮೂಲಿ ಗ್ರೀಸ್ ತಾಗಿದರೆ ಬೆಂಕಿಯೇ ಹತ್ತಬಹುದು. ತಯಾರಕರ ಕಿಟ್ ದುಬಾರಿ ಅನ್ನಿಸಿದರೂ ಅದನ್ನೇ ತರಿಸಬೇಕು.

ಪ್ರಶ್ನೆ (ಪಾಂಡವಪುರದಿಂದ):
ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಯಾರಾದರೂ ಬಿದ್ದಾಗ ಹುಡುಕೋಕೆ ಇದು ಉಪಯೋಗಕ್ಕೆ ಬರುತ್ತಾ ಸರ್?

ಉತ್ತರ:
ಬರಲ್ಲ. ಆಳ ಕಡಿಮೆ, ಸೆಳೆತ ಜಾಸ್ತಿ, ನೀರು ಕದಡಿರುತ್ತದೆ. ಪೈಪು ಕೊಂಬೆಗೆ, ಕಂಬಿಗೆ ಸಿಕ್ಕಿ ಹರಿಯಬಹುದು, ಮೌತ್‌ಪೀಸ್ ಕಿತ್ತು ಹೋಗಬಹುದು. ಅಲ್ಲಿಗೆ ದಡದಿಂದ ಹಗ್ಗ ಕಟ್ಟಿಕೊಂಡ ಡೈವರ್, ಮುಖ ಪೂರ್ತಿ ಮುಚ್ಚುವ ಮಾಸ್ಕ್, ದಡದಿಂದಲೇ ಬರುವ ಗಾಳಿ ಒಳ್ಳೆಯದು. ಮೊದಲು ತೂಬು ಇಳಿಸಿ ನೀರು ಕಡಿಮೆ ಮಾಡಿಸಬೇಕು.

ಮೊದಲ ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಆ ಹಳೆ ಯೂನಿಟ್ ತಗೊಳ್ಳಲಾ?

ಉತ್ತರ:
ಮೊದಲು ಕೋರ್ಸ್ ಮಾಡು, ಅದೂ ಯಾವ ಯೂನಿಟ್ ಕೊಳ್ಳುತ್ತೀಯೋ ಅದರ ಮೇಲೆಯೇ. ಒಂದು ಮಾಡೆಲ್‌ನ ಸರ್ಟಿಫಿಕೇಟ್ ಇನ್ನೊಂದಕ್ಕೆ ನಡೆಯಲ್ಲ. ಆಮೇಲೆ ಯೂನಿಟ್ ನೋಡಲು ಹೋದಾಗ ಪೈಪಿನ ಸುಕ್ಕುಗಳನ್ನು ಬಿಡಿಸಿ ಒಳಗೆ ಬಿರುಕು ಇದೆಯಾ ನೋಡು. ಕೌಂಟರ್‌ಲಂಗ್‌ನ ಹೊಲಿಗೆ ಅಂಚು ಮುಟ್ಟಿ ನೋಡು. ಆಕ್ಸಿಜನ್ ಅಳೆಯುವ ಸೆಲ್‌ಗಳ ಮೇಲಿನ ತಾರೀಖು ಓದು. ಹಿಂದೆ ನೀರು ತುಂಬಿದ್ದ ಯೂನಿಟ್ ಆದರೆ ವೈರ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಇರಬಹುದು. ಅದು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ತಗೋಬೇಡ. ಪಾಸಿಟಿವ್, ನೆಗೆಟಿವ್ ಎರಡೂ ಟೆಸ್ಟ್ ನಿನ್ನೆದುರಿಗೇ ಮಾಡಿ ತೋರಿಸಲಿ. ಊರಿನಲ್ಲಿರುವಾಗಲೇ ನೋಡುತ್ತೀಯಾದರೆ ಫೋಟೋ ಕಳಿಸು, ಸೆಲ್ ಮತ್ತು ಕನೆಕ್ಟರ್‌ನದು ಹತ್ತಿರದಿಂದ ತೆಗೆದಿರಲಿ.