ಕೆಮಿಕಲ್ ಇಂಜಿನಿಯರಿಂಗ್ ಆದ ಮೇಲೆ ಶಿಫ್ಟ್ ಕೆಲಸವಾ, ಸಿಮ್ಯುಲೇಷನ್ನಾ?

ಕೊನೇಬೆಂಚು:
ಕೊನೆಯ ಸೆಮಿಸ್ಟರ್ ಮುಗಿಯುತ್ತಿದೆ. ಕೈಯಲ್ಲಿ ಎರಡು ಆಫರ್ ಇವೆ. ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇಂಜಿನಿಯರ್ ಕೆಲಸ. ಇನ್ನೊಂದು ಡಿಸೈನ್ ಕಂಪನಿ, ದಿನವಿಡೀ ಆಸ್ಪೆನ್ ಪ್ಲಸ್ (ಕಾರ್ಖಾನೆಯ ಪ್ರಕ್ರಿಯೆಯನ್ನು ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಿ ನೋಡುವ, ಅಂದರೆ ಸಿಮ್ಯುಲೇಷನ್ ಮಾಡುವ ಸಾಫ್ಟ್‌ವೇರ್) ಮುಂದೆ ಕೂರುವುದು. ಸಂಬಳ ಹೆಚ್ಚುಕಡಿಮೆ ಒಂದೇ. ರಾತ್ರಿ ಪಾಳಿ ಅಂದ್ರೆ ಅಮ್ಮನಿಗೆ ಭಯ, ನನಗೆ ಸೋಮಾರಿತನ. ಪ್ಲಾಂಟ್‌ಗೆ ಹೋಗಲೇಬೇಕಾ?

ರಾತ್ರಿಪಾಳಿ:
ಹೋಗಿ. ಎರಡು ವರ್ಷ ಸಾಕು.

ನಾನು ಈ ಕೆಲಸಕ್ಕೆ ಬಂದು 11 ವರ್ಷ. ಮೊದಲು ಶಿಫ್ಟ್, ಆಮೇಲೆ ಸ್ಕೇಲ್-ಅಪ್ (ಲ್ಯಾಬ್‌ನ ಪ್ರಕ್ರಿಯೆಯನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸುವುದು), ಈಗ ಪ್ರೋಸೆಸ್ ಸೇಫ್ಟಿ (ಬೆಂಕಿ, ಸ್ಫೋಟ, ಸೋರಿಕೆ ಆಗದಂತೆ ನೋಡಿಕೊಳ್ಳುವುದು). ಸೇರಿದ ಮೊದಲ ತಿಂಗಳು, ರಾತ್ರಿ ಎರಡು ಗಂಟೆ. ಡಿಸ್ಟಿಲೇಷನ್ ಕಾಲಮ್‌ನ (ಮಿಶ್ರಣವನ್ನು ಕುದಿಸಿ ಬೇರ್ಪಡಿಸುವ ಎತ್ತರದ ಗೋಪುರ) ಮೇಲಿನ ಪ್ರಾಡಕ್ಟ್ ಕೆಡುತ್ತಿತ್ತು. ನಾನು ರಿಫ್ಲಕ್ಸ್ (ಮೇಲಿಂದ ವಾಪಸ್ ಬಿಡುವ ದ್ರವ) ಜಾಸ್ತಿ ಮಾಡಿದೆ, ತಳದಲ್ಲಿ ಕುದಿಸುವ ರೀಬಾಯ್ಲರ್‌ಗೆ ಸ್ಟೀಮೂ ಜಾಸ್ತಿ ಮಾಡಿದೆ. ಇನ್ನೂ ಕೆಟ್ಟಿತು. ಅಪ್ಪನ ವಯಸ್ಸಿನ ಆಪರೇಟರ್ ಒಬ್ಬರು ಬಂದು ಪ್ರೆಷರ್ ಡ್ರಾಪ್ (ಕಾಲಮ್‌ನ ತಳಕ್ಕೂ ತುದಿಗೂ ಇರುವ ಒತ್ತಡದ ವ್ಯತ್ಯಾಸ) ನೋಡಿ, "ಸರ್, ಸ್ಟೀಮ್ ಇಳಿಸಿ, ಕಾಲಮ್‌ಗೆ ಉಸಿರು ಕಟ್ಟಿದೆ" ಅಂದರು. ಫ್ಲಡಿಂಗ್! ಮೇಲೇರುವ ಆವಿ ದ್ರವವನ್ನು ಕೆಳಗಿಳಿಯಲು ಬಿಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದಿದ್ದೆ. ಕಣ್ಣೆದುರು ಬಂದಾಗ ಗುರುತೇ ಸಿಗಲಿಲ್ಲ.

ಸ್ಕೇಲ್-ಅಪ್‌ನಲ್ಲೂ ಹಾಗೇ. ಅದೇ ಆಕಾರದ ಪಾತ್ರೆಯನ್ನು 1 ಲೀಟರ್‌ನಿಂದ 1000 ಲೀಟರ್‌ಗೆ ದೊಡ್ಡದು ಮಾಡಿದರೆ ಗೋಡೆಯ ವಿಸ್ತೀರ್ಣ ಬೆಳೆಯುವುದು 100 ಪಟ್ಟು ಮಾತ್ರ. ಪ್ರತಿ ಲೀಟರಿಗೆ ಸಿಗುವ ತಣ್ಣನೆಯ ಗೋಡೆ ಹತ್ತರಲ್ಲಿ ಒಂದು ಪಾಲು. ರಿಯಾಕ್ಷನ್‌ನ ಬಿಸಿ ಆ ಗೋಡೆಯ ಮೂಲಕವೇ ಹೊರಹೋಗಬೇಕು, ಹಾಗಾಗಿ ಲ್ಯಾಬ್‌ನಲ್ಲಿ ಅರ್ಧ ಗಂಟೆಯಲ್ಲಿ ಸುರಿದದ್ದನ್ನು ಇಲ್ಲಿ ಗಂಟೆಗಟ್ಟಲೆ ಹನಿಸಬೇಕು. ಔಷಧ ಕಂಪನಿಗಳ ಪ್ರೋಸೆಸ್ ಡೆವಲಪ್‌ಮೆಂಟ್‌ನಲ್ಲಿ ದಿನಾ ಇದೇ ಜಗಳ. ನನಗಂತೂ ಇಷ್ಟವಾದ ಕೆಲಸ.

ಆಜಿಯೋಟ್ರೋಪ್:
ಒಪ್ಪುವುದಿಲ್ಲ. ನಾನು ಡಿಸೈನ್‌ನಿಂದಲೇ ಶುರು ಮಾಡಿದವಳು. ಎರಡನೇ ವರ್ಷಕ್ಕೇ ಕಮಿಷನಿಂಗ್‌ಗೆ (ಹೊಸ ಪ್ಲಾಂಟ್ ಚಾಲೂ ಮಾಡುವ ಕೆಲಸ) ಕಳಿಸಿದರು, ನಾಲ್ಕು ತಿಂಗಳು ಹೆಲ್ಮೆಟ್ ಹಾಕಿಕೊಂಡೇ ಓಡಾಡಿದೆ. ಆದರೆ ಒಂದು ಮಾತು: ಸಾಫ್ಟ್‌ವೇರ್ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಮೊದಲ ವಾರ ಐಡಿಯಲ್ ಮಾಡೆಲ್ (ಬೇರೆಬೇರೆ ಅಣುಗಳ ನಡುವಿನ ಎಳೆತದ ವ್ಯತ್ಯಾಸವನ್ನು ಲೆಕ್ಕಿಸದ ಸರಳ ಮಾದರಿ) ಹಾಕಿ, ನೀರು ಬೆರೆತ ಎಥನಾಲ್‌ನಿಂದ 99.9% ಶುದ್ಧ ಎಥನಾಲ್ ತೆಗೆದುಬಿಟ್ಟೆ! ನಿಜದಲ್ಲಿ ವಾತಾವರಣದ ಒತ್ತಡದಲ್ಲಿ ಮಾಮೂಲಿ ಡಿಸ್ಟಿಲೇಷನ್ ತೂಕದಲ್ಲಿ ಸುಮಾರು 95.6% ದಾಟುವುದಿಲ್ಲ. ಸೀನಿಯರ್ ನಕ್ಕು ನಕ್ಕು ಸುಸ್ತಾದರು.

ಇವೆರಡೇ ದಾರಿ ಅಂತಲೂ ಅಂದುಕೊಳ್ಳಬೇಡಿ. ಇಂಟೆಲ್ ಕಟ್ಟಿದ ಆಂಡಿ ಗ್ರೋವ್ 1963ರಲ್ಲಿ ಪಿಎಚ್‌ಡಿ ಪಡೆದದ್ದು ಕೆಮಿಕಲ್ ಇಂಜಿನಿಯರಿಂಗ್‌ನಲ್ಲೇ. ಚಿಪ್ ಮಾಡುವಾಗಿನ ಎಚಿಂಗ್ (ಪದರ ಕೊರೆಯುವುದು), ಡೆಪೊಸಿಷನ್ (ಪದರ ಕೂರಿಸುವುದು) ಎಲ್ಲ ನಮ್ಮದೇ ಪಾಠ ಅಲ್ವಾ?

ಕೊನೇಬೆಂಚು:
ಇಬ್ಬರಿಗೂ ಥ್ಯಾಂಕ್ಸ್. ಕಾರ್ಖಾನೆಯವರು ಬಂದು ನೋಡಿಕೊಂಡು ಹೋಗಿ ಅಂದಿದ್ದಾರೆ. ಅಲ್ಲಿ ಏನು ಕೇಳಲಿ?

ರಾತ್ರಿಪಾಳಿ:
ಆಜಿಯೋಟ್ರೋಪ್ ಅವರ ಮಾತೂ ಸರಿ, ಕಮಿಷನಿಂಗ್‌ಗೆ ಕಳಿಸುವ ಕಂಪನಿಯಾದರೆ ಅದೂ ಒಳ್ಳೆಯದೇ. ಸುಮ್ನೆ ಕುರ್ಚಿಯಲ್ಲೇ ಕೂರಿಸುತ್ತಾರಾ ಅಂತ ಮೊದಲು ವಿಚಾರಿಸಿ.

ಕಾರ್ಖಾನೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಒಂದು ಪೈಪ್ ಬದಲಿಸಬೇಕಾದರೆ ಯಾರು ಸಹಿ ಹಾಕಬೇಕು?" 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ ಬಿರುಕುಬಿಟ್ಟ ರಿಯಾಕ್ಟರ್ ತೆಗೆದು, ಅಲ್ಲಿಗೆ ತಾತ್ಕಾಲಿಕ ಪೈಪ್ ಜೋಡಿಸಿದರು. ಅದರ ನಕ್ಷೆ ಬರೆದದ್ದು ವರ್ಕ್‌ಶಾಪ್ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಆ ಪೈಪ್ ಕಿತ್ತುಬಂದು, ಸೋರಿದ ಆವಿ ಸ್ಫೋಟಿಸಿ 28 ಜನ ಸತ್ತರು. ನಿಮ್ಮ ಪ್ರಶ್ನೆಗೆ ಅವರು ಬದಲಾವಣೆಗೆ ಒಪ್ಪಿಗೆ ಪಡೆಯುವ ಫಾರ್ಮ್ ತೆಗೆದು ತೋರಿಸಿದರೆ ಸೇರಿಕೊಳ್ಳಿ. "ಅದೆಲ್ಲ ನಮ್ಮ ಫಿಟ್ಟರ್ ನೋಡ್ಕೋತಾನೆ" ಅಂದರೆ ಟೀ ಕುಡಿದು ವಾಪಸ್ ಬನ್ನಿ.